ಭತ್ತದ ಗದ್ದೆಯ ನಡುವೆ ಕಟ್ಟಿದ ಲಾರಿ

ಆ ಲಾರಿಗೆ ನಾನು ತೆತ್ತದ್ದು ಒಂದು ಜೊತೆ ಎತ್ತು, ಒಂದು ಗಾಡಿ, ಹಿತ್ತಲಿನ ಎರಡು ಬೇವಿನ ಮರ ಮತ್ತು ಪೂರ್ತಿ ಒಂದು ಮಳೆಗಾಲ. ರೂಪಾಯಿಯ ಲೆಕ್ಕ ಹೇಳುವುದಿಲ್ಲ. ಆ ಕಾಲದ ರೂಪಾಯಿ ಈಗಿನವರಿಗೆ ಅರ್ಥವಾಗುವುದಿಲ್ಲ, ಎತ್ತು ಅರ್ಥವಾಗುತ್ತದೆ. ಯಾಕೆ ತೆತ್ತೆ ಎಂದರೆ, ಯುದ್ಧ. ಎಲ್ಲೋ ನಡೆಯುತ್ತಿದ್ದ ಯುದ್ಧಕ್ಕೆ ನಮ್ಮ ಮದ್ದೂರು-ಮಳವಳ್ಳಿ ರಸ್ತೆಯ ಪೆಟ್ರೋಲು ಹೋಗಿಬಿಟ್ಟಿತ್ತು. ಲಾರಿ ಇದ್ದವರು ಅದಕ್ಕೆ ಗೋಣಿತಾಟು ಹೊದಿಸಿ ಕುಳಿತಿದ್ದರು. ಮದ್ದೂರು ಸ್ಟೇಷನ್ನಿನಲ್ಲಿ ಇಳಿದ ಸಾಮಾನು ಅಲ್ಲೇ ಬಿದ್ದಿರುತ್ತಿತ್ತು. ನನ್ನದು ಎತ್ತಿನಗಾಡಿಯಲ್ಲಿ ಬಾಡಿಗೆ ಹೊಡೆಯುವ ಕಸುಬು. ಇದ್ದಲಿನ ಹೊಗೆಯಿಂದ ಓಡುವ ಮೋಟಾರು ಬಂದಿದೆ, ಮೈಸೂರಿನ ಕಡೆ ಬಸ್ಸುಗಳು ಹಾಗೇ ಓಡುತ್ತಿವೆ ಎಂದು ಕೇಳಿದ ದಿನವೇ ಲೆಕ್ಕ ಹಾಕಿದೆ: ಈ ರಸ್ತೆಯಲ್ಲಿ ಅಂಥದ್ದನ್ನು ಮೊದಲು ಓಡಿಸಿದವನು ಬಾಡಿಗೆಯನ್ನು ತಾನೇ ಹೇಳಬಹುದು.

ಇದೆಲ್ಲ ಈಗ ನೆನಪಾದದ್ದು ಇಸ್ತ್ರಿಯವನಿಂದ. ಮಂಡ್ಯದಲ್ಲಿ ಮಗಳ ಮನೆಯ ಮುಂದೆ ಒಬ್ಬ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದಾನೆ. ಬೆಳಿಗ್ಗೆ ಇದ್ದಲು ಹೊತ್ತಿಸಿ, ಕಾವು ಹೆಚ್ಚಾಯಿತೆಂದು ಒಂದಿಷ್ಟು ನೀರು ಚಿಮುಕಿಸಿದ. ಕೆಂಡಕ್ಕೆ ನೀರು ಬಿದ್ದ ಆ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ಮೈಯಲ್ಲಿ ಚಳಿಜ್ವರ ಬಂದಂತಾಯಿತು. ಕಾಫಿಯ ಲೋಟ ಹಿಡಿದು ಅಲ್ಲೇ ನಿಂತುಬಿಟ್ಟೆ. ಆ ವಾಸನೆಯೊಳಗೆ ನಾನು ಒಂದು ಮಳೆಗಾಲ ಸೆರೆಯಲ್ಲಿದ್ದೆ.

ಲಾರಿ ಮಾಡಲು ಒಂದು ಕಾರು ಸಿಕ್ಕಿದ್ದು ಬ್ಲಫ್‌ನಲ್ಲಿ, ಜಲಪಾತದ ಹತ್ತಿರ ಕರೆಂಟು ನೌಕರರು ವಾಸವಿದ್ದ ಜಾಗದಲ್ಲಿ. ಕರೆಂಟು ಮನೆಯ ದೊಡ್ಡ ನೌಕರರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಅಮೆರಿಕದ ಹಳೇ ಕಾರು, ಮೇಲೆ ಬಟ್ಟೆಯ ಮಾಡಿನದು. ಮಾಡನ್ನು ಇಲಿ ತಿಂದಿತ್ತು, ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಎಂಜಿನ್ನು ಮಾತ್ರ ಗಟ್ಟಿ. ಕೊಳ್ಳುವಾಗ ನಾನು ಎಂಜಿನ್ನಿನ ಕಡೆ ನೋಡಲೇ ಇಲ್ಲ. ಕೋಳಿಗೂಡಿನ ಕಡೆ ನೋಡಿ ತಲೆ ಅಲ್ಲಾಡಿಸುತ್ತ ನಿಂತೆ. ಹಾಗೆ ಬೆಲೆ ಇಳಿಯಿತು. ಅದನ್ನು ನನ್ನ ಎತ್ತುಗಳಿಗೇ ಕಟ್ಟಿ ಬೆಳಕವಾಡಿ, ಮಳವಳ್ಳಿ ದಾಟಿಸಿಕೊಂಡು ಊರಿಗೆ ಎಳೆತಂದೆ. ಆ ಎತ್ತುಗಳು ನನಗಾಗಿ ಎಳೆದ ಕೊನೆಯ ಭಾರ ಅದು.

ಕಾರನ್ನು ಲಾರಿ ಮಾಡಲು ಒಪ್ಪಿದವರು ಮದ್ದೂರಿನ ಗಫೂರ್ ಸಾಬರು. ಮೋಟಾರು ಕೆಲಸವನ್ನು ಮೈಸೂರಿನಲ್ಲಿ ಕಲಿತವರು. ಮಾತು ಕಡಿಮೆ, ಬೀಡಿ ಜಾಸ್ತಿ. ಅವರ ಅಂಗಡಿಯಲ್ಲಿ ಒಂದು ಸೈಕಲ್ಲು ಮಲಗಿಸುವಷ್ಟೇ ಜಾಗ. ಅದಕ್ಕೆ ನಾನು ನಮ್ಮ ಊರಿನಲ್ಲಿ ಸೋದರಮಾವನ ಆಲೆಮನೆಯನ್ನು ತೋರಿಸಿದೆ. ಕಬ್ಬೆಲ್ಲ ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದುದರಿಂದ ಬೆಲ್ಲ ಕಾಯಿಸುವುದು ನಿಂತಿತ್ತು. ಎತ್ತರದ ಮಾಡು, ಕಬ್ಬಿಣ ಕಾಯಿಸಲು ಒಲೆ, ಮುಂದೆ ಅಗಲವಾದ ಅಂಗಳ. ರಸ್ತೆಯಿಂದ ಕೂಗಿದರೆ ಕೇಳುವಷ್ಟು ದೂರ. ನಡುವೆ ದೊಡ್ಡತಾಯಮ್ಮನ ಹೊಲ. ಬೇಸಿಗೆಯಲ್ಲಿ ಅಲ್ಲಿ ಬರೀ ರಾಗಿಯ ಕೂಳೆ ಇತ್ತು. ಅದರ ಮೇಲೆಯೇ ಕಾರನ್ನು ಎಳೆದು ಒಳಗೆ ತಂದೆವು. ನಮ್ಮ ಕಡೆ ಕುಯ್ಲಾದ ಮೇಲೆ ಹೊಲವೇ ಊರಿನ ದಾರಿ. ಗಾಡಿ ಹೊಡೆದರೂ ದನ ಹೊಡೆದರೂ ಯಾರೂ ಯಾರನ್ನೂ ಕೇಳುವುದಿಲ್ಲ.

ಸಾಬರು ಕಾರಿನ ಮೇಲಿನ ತಗಡನ್ನೆಲ್ಲ ಬಿಚ್ಚಿ ಎಸೆದು, ಅಡಿಯ ಕಬ್ಬಿಣದ ಚೌಕಟ್ಟನ್ನು ನಡುವೆ ಕತ್ತರಿಸಿದರು.

"ಸಾಬ್ರೆ, ಇದ್ದುದ್ನೂ ಎರಡು ತುಂಡು ಮಾಡ್ಬುಟ್ರಲ್ಲ!"

"ಗೌಡ್ರೆ, ಬೆನ್ನುಮೂಳೆ ಉದ್ದ ಆಗದೆ ಕಾರು ಲಾರಿ ಆಗಲ್ಲ. ನಿಮಗೆ ಭಯ ಆದ್ರೆ ಮನೆಗೆ ಹೋಗಿ. ಮಗು ಹುಟ್ಟೋವಾಗ ಅಪ್ಪ ಒಳಗೆ ಇರಬಾರದು."

ಕತ್ತರಿಸಿದ ಕಡೆ ಕಬ್ಬಿಣದ ತೊಲೆ ಸೇರಿಸಿ, ಆಲೆಮನೆಯ ಒಲೆಯಲ್ಲಿ ಕೆಂಪಗೆ ಕಾಯಿಸಿದ ರಿವೆಟ್ಟು ಬಡಿದರು. ಊರಿನ ಆಚಾರಿ ನನ್ನ ಬೇವಿನ ಮರ ಸೀಳಿ ಹಿಂದಿನ ಪೆಟ್ಟಿಗೆ ಕಟ್ಟಿದ. ಅವನಿಗೆ ಗೊತ್ತಿದ್ದದ್ದು ಗಾಡಿ ಕಟ್ಟುವುದೊಂದೇ. ಆದ್ದರಿಂದ ಅದು ಗಾಡಿಯ ಹಾಗೇ ಇತ್ತು, ಪಕ್ಕದಲ್ಲಿ ಗೂಟ ಸಮೇತ. ಭಾರ ತಡೆಯಲು ಹಿಂದಿನ ಅಚ್ಚು, ಚಕ್ರ ಬೇರೆಯದೇ ಬೇಕಿತ್ತು. ಯುದ್ಧದಲ್ಲಿ ಟೈರು ಸಿಗುವುದು ಹುಲಿಹಾಲು ಸಿಕ್ಕಂತೆ. ಎತ್ತು, ಗಾಡಿ ಎರಡನ್ನೂ ಮಾರಿ ಮೈಸೂರಿನ ಗುಜರಿಯವನಿಗೆ ಮುಂಗಡ ಕೊಟ್ಟು ಬಂದೆ. ಅವನು ಇವತ್ತು ನಾಳೆ ಎನ್ನುತ್ತ ಮುಂಗಾರನ್ನು ಹತ್ತಿರ ತಂದ. ಚಕ್ರವಿಲ್ಲದ ಲಾರಿ ಕಲ್ಲುಗಳ ಮೇಲೆ ಕುಳಿತಿತ್ತು.

ಒಂದು ಬೆಳಿಗ್ಗೆ ಆಲೆಮನೆಗೆ ಹೋದರೆ ಗುಳುಗುಳು ಸದ್ದು. ದೊಡ್ಡತಾಯಮ್ಮ ಸೀರೆ ಎತ್ತಿಕಟ್ಟಿ, ಗುದ್ದಲಿ ಹಿಡಿದು, ನಾಲೆಯ ತೂಬಿನಿಂದ ಹೊಲಕ್ಕೆ ನೀರು ತಿರುಗಿಸುತ್ತಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಬೇಸಾಯ ಹೂಡಿದ ಹೆಂಗಸು. ಊರಿನ ಗಂಡಸರು ಅವಳ ಬಾಯಿಗೆ ಹೆದರಿ ಬೇರೆ ಬದುವಿನ ಮೇಲೆ ನಡೆಯುತ್ತಿದ್ದರು.

"ಏನ್ ದೊಡ್ಡವ್ವ, ರಾಗಿ ಹೊಲಕ್ಕೆ ಇಷ್ಟೊಂದು ನೀರು ಬುಟ್ಟಿದ್ದೀಯ?"

"ರಾಗಿ ಓದ್ ವರ್ಸ ಆಯ್ತು ಕಣ್ಲಾ. ಈ ವರ್ಸ ನಮ್ಮ ಬ್ಲಾಕು ಬತ್ತಕ್ಕೆ ಬಂದದೆ. ಊರಿಗೆಲ್ಲ ಗೊತ್ತು."

"ನಂಗೆ ಗೊತ್ತಿರ್ನಿಲ್ಲ."

"ನಿಂಗೆ ಎಂಗ್ಲಾ ಗೊತ್ತಾದದು? ಎತ್ತು ಮಾರ್ಕಂಡು ಕಬ್ಬಿಣ ಮೇಯಿಸ್ತಾ ಕುಂತಿದ್ದೀಯ."

ನಾಲೆ ಬಂದ ಮೇಲೆ ಇಲಾಖೆಯವರು ಮಾಡಿದ್ದ ಕಟ್ಟಳೆ ಇದು: ಒಂದು ಬ್ಲಾಕಿನಲ್ಲಿ ಒಂದು ವರ್ಷ ರಾಗಿ, ಒಂದು ವರ್ಷ ಭತ್ತ, ಒಂದು ವರ್ಷ ಕಬ್ಬು, ಸುತ್ತಿ ಬರಬೇಕು. ಬೇಸಾಯದವರಿಗೆ ಅದು ಹಬ್ಬದ ದಿನಗಳಷ್ಟೇ ಬಾಯಿಪಾಠ. ನಾನು ರಸ್ತೆಯ ಮನುಷ್ಯ. ಹೊಲ ಎಂದರೆ ನನಗೆ ಗಾಡಿಯ ಮೇಲಿನಿಂದ ಕಾಣುವ ಬಣ್ಣ, ಅಷ್ಟೇ. ನೋಡನೋಡುತ್ತಿದ್ದಂತೆ ಹೊಲ ಕೆಸರಾಯಿತು, ಕೆಸರಿಗೆ ನಾಟಿ ಬಿತ್ತು. ಆಲೆಮನೆಯ ಹಿಂದೆ ನಾಲೆ, ಎಡಕ್ಕೆ ಬಂಡೆ, ಬಲಕ್ಕೆ ಜೌಗು, ಮುಂದೆ ಭತ್ತ. ನಾಲೆಯ ಏರಿ ಸೈಕಲ್ಲಿಗಷ್ಟೇ ಅಗಲ. ಮೈಸೂರಿನಿಂದ ಅಚ್ಚು ಚಕ್ರ ಕೊನೆಗೂ ಬಂದಾಗ, ಅವನ್ನು ಗದ್ದೆಯ ಬದುವಿನ ಮೇಲೆ ತಲೆಹೊರೆಯಲ್ಲಿ ಒಳಗೆ ಸಾಗಿಸಿದೆವು. ಬಿಡಿಬಿಡಿಯಾಗಿ ಒಳಗೆ ಹೋದದ್ದು ಜೋಡಿಸಿದ ಮೇಲೆ ಹೊರಗೆ ಬರುವಂತಿರಲಿಲ್ಲ.

ನನಗೆ ಆಗಲೂ ಧೈರ್ಯವಿತ್ತು. ಚೌಕಾಸಿಯಲ್ಲಿ ನನ್ನನ್ನು ಗೆದ್ದವರಿಲ್ಲ ಎಂಬ ಧೈರ್ಯ. ದೊಡ್ಡತಾಯಮ್ಮನ ಜಗುಲಿಯ ಮೇಲೆ ಹೋಗಿ ಕುಳಿತೆ.

"ದೊಡ್ಡವ್ವ, ಲಾರಿ ಒಂದ್ಸಲ ಆಚೆಗೆ ಬರ್ಬೇಕು. ತುಳಿತಕ್ಕೆ ಎಷ್ಟಾಯ್ತದೆ ಏಳು."

"ನೆಟ್ಟ ಮ್ಯಾಲೆ ನನ್ನ ಕೋಣನ್ನೇ ಇಳಿಸಕಿಲ್ಲ. ನಿನ್ನ ಲಾರಿ ಇಳಿಸ್ತೀನಾ?"

"ಆದ ನಷ್ಟಕ್ಕೆ ಎರಡರಷ್ಟು ಕೊಡ್ತೀನಿ."

"ಎರಡರಷ್ಟು ಕೊಟ್ರೆ ತುಳಿದ ಪೈರು ಎರಡ್ಸಲ ಎದ್ದು ನಿಂತದಾ?"

"ಪಟೇಲ್ರ ಕೈಲಿ ಏಳಿಸ್ಬೇಕಾಯ್ತದೆ, ನೋಡು."

ಅಷ್ಟು ಹೇಳಬಾರದಿತ್ತು. ಅವಳು ಎಲೆಯಡಿಕೆ ಉಗಿದು ಬಂದು ನನ್ನ ಮುಂದೆ ನಿಂತಳು. "ಕರ್ಕಂಡು ಬಾ. ಪಟೇಲ್ರೂ ಬದಿನ ಮ್ಯಾಲೇ ನಡ್ಕಂಡು ಬರ್ಲಿ. ಜಾರಿ ಬಿದ್ರೆ ಮಾತ್ರ ನನ್ನ ಕೇಳ್ಬೇಡ."

ಅಂದಿನಿಂದ ನಾನು ಬೆಲೆ ಏರಿಸಿದಷ್ಟೂ ಅವಳ ಮುಖ ಬಿಗಿಯಿತು.

ಮಳೆ ಹಿಡಿಯಿತು. ಕಪ್ಪೆಗಳ ಸದ್ದಿನಲ್ಲಿ ಸುತ್ತಿಗೆಯ ಸದ್ದು ಕೇಳುತ್ತಿರಲಿಲ್ಲ. ನಾಲೆಯ ಜೊತೆ ನಮ್ಮ ಕಡೆಗೆ ಬಂದ ಇನ್ನೊಂದು ಐಶ್ವರ್ಯ ಸೊಳ್ಳೆ. ನನಗೆ ದಿನ ಬಿಟ್ಟು ದಿನ ಚಳಿಜ್ವರ. ಕ್ವಿನೈನ್ ನುಂಗಿ, ಕಂಬಳಿ ಹೊದ್ದು ಆಲೆಮನೆಯಲ್ಲೇ ಮಲಗಿರುತ್ತಿದ್ದೆ. ಮನೆಗೆ ಹೋದರೆ ಊರ ಬಾಯಿ, ಇಲ್ಲಿದ್ದರೆ ಸೊಳ್ಳೆಯ ಬಾಯಿ. ಕಣ್ಣು ಬಿಟ್ಟರೆ ಲಾರಿ, ಅದರಾಚೆ ಹಸಿರು, ಹಸಿರಿನಾಚೆ ರಸ್ತೆಯಲ್ಲಿ ಬೇರೆಯವರ ಎತ್ತಿನಗಾಡಿಗಳು ನನ್ನ ಬಾಡಿಗೆಯನ್ನು ಹೊತ್ತುಕೊಂಡು ಹೋಗುವುದು ಕಾಣುತ್ತಿತ್ತು. ಬೆಳೆಯುವ ಪೈರನ್ನು ನೋಡಿ ಹೊಟ್ಟೆಯುರಿದುಕೊಂಡ ಮನುಷ್ಯ ಇಡೀ ತಾಲೂಕಿನಲ್ಲಿ ನಾನೊಬ್ಬನೇ ಇದ್ದಿರಬೇಕು.

ಆದರೂ ಲಾರಿ ಮುಗಿಯಿತು. ಚಾಲಕನ ಬೆನ್ನ ಹಿಂದೆ ಆಳುದ್ದದ ಡ್ರಮ್ಮು. ಅದಕ್ಕೆ ಮೇಲಿನಿಂದ ಇದ್ದಲು ಸುರಿದು, ಕೆಳಗೆ ಕಿಚ್ಚು ಇಟ್ಟು, ಕೈಯಿಂದ ತಿರುಗಿಸುವ ಬೀಸಣಿಗೆಯಲ್ಲಿ ಗಾಳಿ ಊದಬೇಕು. ಹುಟ್ಟಿದ ಗ್ಯಾಸು ತೆಂಗಿನ ನಾರು ತುಂಬಿದ ಪೆಟ್ಟಿಗೆಯಲ್ಲಿ ಸೋಸಿ ಎಂಜಿನ್ನಿಗೆ ಹೋಗಬೇಕು. ಮೊದಲ ಸಲ ಅದು ಹೊತ್ತಿ ಎಂಜಿನ್ನು ಗುಡುಗಿದಾಗ ಸಾಬರು ಬೀಡಿ ಎಸೆದು ಕಣ್ಣು ಮುಚ್ಚಿಕೊಂಡು ಕೇಳಿದರು. "ಗೌಡ್ರೆ, ಇದು ಓಡ್ತದೆ" ಎಂದರು. ಓಡಿತು, ಅಂಗಳದ ಈ ತುದಿಯಿಂದ ಆ ತುದಿಗೆ. ತುಕ್ಕು ಹಿಡಿಯಬಾರದೆಂದು ದಿನವೂ ಹೊತ್ತಿಸಿ ಮುಂದಕ್ಕೆ ನಾಲ್ಕು ಮಾರು, ಹಿಂದಕ್ಕೆ ನಾಲ್ಕು ಮಾರು ಓಡಿಸುತ್ತಿದ್ದೆ. ಸಂಜೆಯ ಹೊತ್ತು ಊರಿನವರು ನಾಲೆಯ ಏರಿಯ ಮೇಲೆ ನಾಟಕ ನೋಡುವವರ ಹಾಗೆ ಕುಳಿತಿರುತ್ತಿದ್ದರು.

"ಮರೀಗೌಡ, ಮದ್ದೂರ್‌ಗೆ ಒಂದು ಟಿಕೇಟು ಕೊಡ್ಲಾ!"

"ವಸಿ ತಡಿ ಕಣ್ಲಾ, ಇನ್ನೂ ಒಲೆ ಊದ್ತಾವ್ನೆ."

ನಗು ಹೋಗಲಿ. ನನ್ನ ಕುತ್ತಿಗೆಗೆ ಬಂದದ್ದು ಬೇರೆ. ಲಾರಿಗೆ ನಂಬರು ಬರಬೇಕಾದರೆ ಮೋಟಾರು ಇನ್ಸ್‌ಪೆಕ್ಟರು ನೋಡಿ ಪಾಸು ಮಾಡಬೇಕು. ಮಂಡ್ಯದ ಕಚೇರಿಯಲ್ಲಿ ವಿಚಾರಿಸಿದಾಗ ತಿಳಿಯಿತು, ನಮ್ಮ ರಸ್ತೆಗೆ ಸಾಮಾನು ಸಾಗಿಸಲು ಪರ್ಮಿಟ್ಟು ಸಿಗುವುದು ಒಂದೇ ಒಂದು ಇದ್ದಲು ಲಾರಿಗೆ. ಮಳವಳ್ಳಿಯ ಬಸ್ಸಿನ ಯಜಮಾನರೊಬ್ಬರೂ ಅರ್ಜಿ ಹಾಕಿದ್ದರು. ಅದು ಅವರಿಗೆ ಹೋದರೆ ನನ್ನ ಹತ್ತಿರ ಎತ್ತೂ ಇಲ್ಲ, ಗಾಡಿಯೂ ಇಲ್ಲ. ಬೇರೆಯವರ ಸಾಮಾನನ್ನು ಬೆನ್ನ ಮೇಲೆ ಹೊರಬೇಕು.

ಇನ್ಸ್‌ಪೆಕ್ಟರು ಮಳವಳ್ಳಿಗೆ ಹೋಗುವ ದಾರಿಯಲ್ಲಿ ಅವರನ್ನು ನಿಲ್ಲಿಸಿ, ಕೈಮುಗಿದು, "ಇಲ್ಲೇ ಸ್ವಾಮಿ, ಒಂದು ಹೆಜ್ಜೆ" ಎಂದು ಕರೆದುಕೊಂಡು ಬಂದೆ. ಬೂಟು ಹಾಕಿದ ಮನುಷ್ಯ, ಬದುವಿನ ಮೇಲೆ ಕೈಗಳನ್ನು ಅಗಲಿಸಿಕೊಂಡು ದೊಂಬರವನ ಹಾಗೆ ನಡೆದರು. ಲಾರಿಯ ಸುತ್ತ ಎರಡು ಸಲ ಬಂದರು, ರಿವೆಟ್ಟುಗಳನ್ನು ತಟ್ಟಿದರು, ದೀಪ ನೋಡಿದರು, ಹಾರನ್ನು ಹಿಚುಕಿದರು. ಬೆಳ್ಳಕ್ಕಿಗಳು ಹಾರಿದವು.

"ಕೆಲಸ ಚೆನ್ನಾಗಿದೆಯಲ್ರೀ. ಇದು ರಸ್ತೆಗೆ ಹೋಗೋದು ಹೇಗೆ?"

"ಕುಯ್ಲಾದ ಮೇಲೆ ಎಲ್ಲಿಗೆ ಬೇಕಾದ್ರೂ ಹೋಗ್ತದೆ ಸ್ವಾಮಿ. ಈಗ ಒಂದು ರುಜು ಹಾಕಿಬಿಟ್ರೆ…"

"ನಾನು ರುಜು ಹಾಕೋದು ರಸ್ತೆ ಮೇಲೆ ಓಡೋ ವಾಹನಕ್ಕೆ. ನಿಮ್ಮದು ದ್ವೀಪದಲ್ಲಿದೆ. ದೋಣಿ ಇಲಾಖೆ ಕೇಳಿ ನೋಡಿ." ಆಮೇಲೆ ನನ್ನ ಮುಖ ನೋಡಿಯೋ ಏನೋ, ದನಿ ತಗ್ಗಿಸಿದರು. "ದೀಪಾವಳಿ ಕಳೆದ ಮೇಲಿನ ಸೋಮವಾರ ಮದ್ದೂರಿನ ಬಂಗಲೆಯಲ್ಲಿರ್ತೀನಿ. ಭಾರ ಹೇರಿ, ಶಿಂಷಾ ಸೇತುವೆ ದಾಟಿ ಏರು ಹತ್ತಿಸಿ ತೋರಿಸಿ. ಆ ದಿನ ಬರದಿದ್ರೆ ಇನ್ನೊಬ್ಬರಿದ್ದಾರೆ."

ಆ ಭತ್ತಕ್ಕೆ ದೀಪಾವಳಿಯ ಹೊತ್ತಿಗೆ ಕಾಳು ಇನ್ನೂ ಹಸಿ. ಕುಯ್ಲಿಗೆ ಇನ್ನೂ ತಿಂಗಳು ಬೇಕು.

ಇಷ್ಟರಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು, ಜ್ವರದ ಮಬ್ಬಿನಲ್ಲಿ ನಾನು ಗಮನಿಸಿರಲಿಲ್ಲ. ನನ್ನ ಹೆಂಡತಿ ಸಾಕಮ್ಮ ಬೆಳಿಗ್ಗೆ ಮುದ್ದೆ ಮಾಡಿಟ್ಟು ಎಲ್ಲಿಗೋ ಹೋಗುತ್ತಿದ್ದಳು. ಒಂದು ದಿನ ಆಲೆಮನೆಯ ಜಗುಲಿಯಿಂದ ನೋಡಿದರೆ ದೊಡ್ಡತಾಯಮ್ಮನ ಗದ್ದೆಯಲ್ಲಿ ಬಗ್ಗಿ ಕಳೆ ಕೀಳುತ್ತಿದ್ದವರ ಸಾಲಿನಲ್ಲಿ ಅವಳೂ ಇದ್ದಳು. ಸಂಜೆ ಮನೆಯಲ್ಲಿ ಹಿಡಿದುಕೊಂಡೆ.

"ಆಯಮ್ಮನ ಗದ್ದೆಗೆ ಕೂಲಿಗೆ ಓಗ್ತಿದ್ದೀಯ? ನನ್ನ ಮರ್ವಾದೆ ಏನಾಗ್ಬೇಕು?"

"ಕೂಲಿಗೆ ಯಾರು ಓದರು? ಮುಯ್ಯಾಳಿಗೆ ಓಯ್ತಿವ್ನಿ. ನಾಟಿಗೂ ಓಗಿದ್ದೆ."

ಮುಯ್ಯಾಳು ಎಂದರೆ ಕೂಲಿಯಿಲ್ಲ. ಇವತ್ತು ನಿನ್ನ ಗದ್ದೆಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀನು ಬಂದು ತೀರಿಸಬೇಕು. ತೀರಿಸದೆ ಉಳಿದರೆ ಆ ಮನೆಗೆ ಊರಿನಲ್ಲಿ ಮುಖವಿಲ್ಲ.

"ಲೇ, ನಮಗೆ ಗದ್ದೆನೇ ಇಲ್ವಲ್ಲೇ! ಅವಳು ಎಲ್ಲಿಗೆ ಬಂದು ತೀರಿಸ್ತಾಳೆ?"

ಸಾಕಮ್ಮ ಒಲೆಗೆ ಸೌದೆ ತಳ್ಳಿದಳು. "ಅದು ಆಯಮ್ಮನ ತಲೆನೋವು. ನಿಮಗ್ಯಾಕೆ?"

ನಾನು ಊರೂರು ತಿರುಗಿ ಚೌಕಾಸಿ ಮಾಡಿದವನು. ಇಂಥ ವ್ಯಾಪಾರ ನನಗೆ ಹೊಳೆದಿರಲಿಲ್ಲ.

ದೀಪಾವಳಿ ಬಂತು, ಹೋಯಿತು. ಎಣ್ಣೆನೀರು ಹಾಕಿಕೊಂಡದ್ದಷ್ಟೇ ನೆನಪು. ಭಾನುವಾರ ಬೆಳಿಗ್ಗೆ ಲಾರಿಯ ಪಕ್ಕ ಮೊಣಕಾಲು ಹಿಡಿದು ಕುಳಿತಿದ್ದೆ. ಸಾಬರು ಎದುರಿಗೆ ಬೀಡಿ ಸೇದುತ್ತಿದ್ದರು. ಗದ್ದೆಯ ಕಡೆಯಿಂದ ಸರಕ್ ಸರಕ್ ಎಂಬ ಸದ್ದು ಬಂತು. ಎದ್ದು ನೋಡಿದರೆ ರಸ್ತೆಯ ಕಡೆಯಿಂದ ಐದಾರು ಹೆಂಗಸರು, ಮುಂದೆ ದೊಡ್ಡತಾಯಮ್ಮ, ಕುಡುಗೋಲು ಹಿಡಿದು ಇನ್ನೂ ಹಸಿರಾಗಿದ್ದ ಭತ್ತವನ್ನು ಕುಯ್ಯುತ್ತ ಬರುತ್ತಿದ್ದರು. ಅಡ್ಡಲಾಗಿ ಅಲ್ಲ, ನೇರವಾಗಿ ಆಲೆಮನೆಯ ಕಡೆಗೆ, ಒಂದು ಲಾರಿಯ ಅಗಲಕ್ಕೆ. ಆ ಸಾಲಿನ ತಾಕುಗಳಿಗೆ ನೀರು ನಿಲ್ಲಿಸಿ ಮೊದಲೇ ಬಸಿಯಲು ಬಿಟ್ಟಿದ್ದಳು. ಅದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಾನು ಬದುವಿನ ಮೇಲೆ ಓಡಿದೆ. "ದೊಡ್ಡವ್ವ, ಇದೇನು ಮಾಡ್ತಿದ್ದೀಯ? ಕಾಳು ಬಲಿತಿಲ್ಲ!"

"ನನ್ನ ಗದ್ದೆ, ನನ್ನ ಕುಡ್ಲು. ನಿಂಗೇನ್ಲಾ?"

"ಅಲ್ಲ, ಆವತ್ತು ಬುಡಲ್ಲ ಅಂದಿದ್ದೆ…"

ಅವಳು ಸೊಂಟ ನೆಟ್ಟಗೆ ಮಾಡಿದಳು. "ತುಳಿಯಕ್ಕೆ ಬುಡಲ್ಲ ಅಂದೆ. ನಿಂತ ಪೈರ ತುಳಿಯದು ಬಸುರಿ ಒಟ್ಟೆ ತುಳಿದಂಗೆ. ಕುಯ್ಯಲ್ಲ ಅಂತ ಅಂದಿದ್ನಾ? ನೀನು ಕೇಳಿದ್ದೆಲ್ಲ ತುಳಿತದ ರೇಟು. ಒಂದಿನನಾದ್ರೂ 'ದೊಡ್ಡವ್ವ, ಒಂದು ಸಾಲು ಕುಯ್ದುಕೊಡು' ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಬೆಲೆ ಕೇಳುವುದು ಗೊತ್ತಿತ್ತು, ಬೇಡುವುದು ಗೊತ್ತಿರಲಿಲ್ಲ.

"ಈ ಕಾಳಿಗೆ ಎಷ್ಟು…" ಎಂದು ಬಾಯಿ ತೆರೆದೆ. ಪಕ್ಕದಲ್ಲಿ ಕುಯ್ಯುತ್ತಿದ್ದ ಸಾಕಮ್ಮ ಕಣ್ಣಲ್ಲೇ ಗದರಿಸಿದಳು.

"ದುಡ್ಡು ಮಡಿಕ್ಕೊ" ಎಂದಳು ದೊಡ್ಡತಾಯಮ್ಮ. "ಅಸಿ ಕಾಳು ಅವಲಕ್ಕಿಗೆ ಆಯ್ತದೆ, ಉಲ್ಲು ಕೋಣಕ್ಕೆ ಆಯ್ತದೆ. ಇವತ್ತು ಕುಯ್ದುದ್ದಕ್ಕೆ ನಿನ್ನೆಡ್ತಿ ಮುಯ್ಯಿ ತೀರ್ತು. ಆದ್ರೆ ಗದ್ದೆ ಮ್ಯಾಲಿನ ದಾರಿ ಆ ಲೆಕ್ಕಕ್ಕೆ ಬರಕಿಲ್ಲ ಕಣ್ಲಾ, ಇದು ಒಸದಾಗಿ ನಿನ್ ಮ್ಯಾಲೆ ನಿಂತ ಮುಯ್ಯಿ. ನಾನಿರಗಂಟ, ನನ್ನ ಗದ್ದೆ ಕುಯ್ಲಾದ ದಿನ ನಿನ್ನ ಲಾರಿ ಎಲ್ಲೇ ಇರ್ಲಿ, ಮೊದ್ಲು ಇಲ್ಲಿಗೆ ಬರ್ಬೇಕು. ನನ್ನ ಬತ್ತ ಓಗದೆ ಇನ್ನೊಬ್ಬರ ಸಾಮಾನು ಓಗಂಗಿಲ್ಲ. ಊಂ ಅಂತೀಯ?"

ಹೂಂ ಎಂದೆ. ಅದಕ್ಕಿಂತ ಅಗ್ಗದ ವ್ಯಾಪಾರ ಸಿಕ್ಕಿತೆಂದು ಒಳಗೊಳಗೆ ನಕ್ಕೆ.

ಬದುಗಳನ್ನು ಗುದ್ದಲಿಯಿಂದ ಇಳಿಸಿ, ಕೆಸರಿನ ಮೇಲೆ ಕಬ್ಬಿನ ಸೋಗೆ ಹಾಸಿದೆವು. ಸಾಬರು ಡ್ರಮ್ಮಿಗೆ ಕಿಚ್ಚು ಇಟ್ಟು ಬೀಸಣಿಗೆ ತಿರುಗಿಸಿದರು. ಲಾರಿ ಅರ್ಧ ದಾರಿ ತಾನೇ ಬಂತು, ಆಮೇಲೆ ಹಿಂದಿನ ಚಕ್ರ ಹೂತಿತು. ದೊಡ್ಡತಾಯಮ್ಮ ಕೋಣ ಕಟ್ಟಿಸಿದಳು. ಏರಿಯ ಮೇಲಿನ ಪ್ರೇಕ್ಷಕರೂ ಇಳಿದು ಬಂದು ಹೆಗಲು ಕೊಟ್ಟರು. ರಸ್ತೆಯ ಗಟ್ಟಿ ನೆಲಕ್ಕೆ ಚಕ್ರ ತಾಗಿದಾಗ ಸಾಬರು ನಿಲ್ಲಿಸಲೇ ಇಲ್ಲ. ಮದ್ದೂರಿನ ಕಡೆಗೆ ಒಂದು ಮೈಲಿ ಓಡಿಸಿಕೊಂಡು ಹೋಗಿ, ತಿರುಗಿಸಿಕೊಂಡು ಬಂದು, ಇಳಿದು ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡರು. "ಹೊಗೆ" ಎಂದರು.

ಸೋಮವಾರ ಶಿಂಷಾ ಹೊಳೆಯ ಮರಳನ್ನೇ ತುಂಬಿ ಏರು ಹತ್ತಿಸಿದೆವು. ಇದ್ದಲಿನ ಲಾರಿಗೆ ಏರು ಎಂದರೆ ಮುದುಕನಿಗೆ ಬೆಟ್ಟ. ಕೆಮ್ಮಿತು, ನಿಂತಂತೆ ಮಾಡಿತು. ನಾನು ಕುಳಿತಲ್ಲೇ ಅದನ್ನು ತೊಡೆಯಿಂದ ಮುಂದಕ್ಕೆ ನೂಕುತ್ತಿದ್ದೆ. ಹತ್ತಿತು. ಬ್ರೇಕು ನೋಡಲು ಬಗ್ಗಿದ ಇನ್ಸ್‌ಪೆಕ್ಟರು ಅಚ್ಚಿಗೆ ಸುತ್ತಿಕೊಂಡಿದ್ದ ಹಸಿರು ತೆನೆಯೊಂದನ್ನು ಎಳೆದು ತೆಗೆದರು.

"ಕುಯ್ಲು ಇಷ್ಟು ಬೇಗ ಆಯಿತೇನ್ರೀ?"

"ಒಂದು ಲಾರಿಯಗಲ ಆಯ್ತು ಸ್ವಾಮಿ."

ಅವರು ತೆನೆಯನ್ನು ನನ್ನ ಕೈಗೆ ಕೊಟ್ಟು ರುಜು ಹಾಕಿದರು.

ಅಗ್ಗವೆಂದುಕೊಂಡ ಆ ಹೂಂ ಎಷ್ಟು ತುಟ್ಟಿಯದೆಂದು ತಿಳಿದದ್ದು ಆಮೇಲೆ. ಕುಯ್ಲಿನ ಕಾಲವೇ ಬಾಡಿಗೆಯ ಕಾಲ. ಮಂಡ್ಯದ ವರ್ತಕರು ಮೂಟೆ ಕಟ್ಟಿ ಕಾಯುವಾಗ ನಾನು ಆ ಬದುವಿನ ಮೇಲೆ ಕುಳಿತು ಅವಳ ಭತ್ತ ತೂರುವುದನ್ನು ಕಾಯಬೇಕು. ಗಾಳಿ ಬೀಸದಿದ್ದರೆ ಮರುದಿನವೂ ಅಲ್ಲೇ. ಅವಳ ಬ್ಲಾಕಿಗೆ ಕಬ್ಬು ಬಂದ ವರ್ಷ ಕಬ್ಬು, ರಾಗಿ ಬಂದ ವರ್ಷ ರಾಗಿ, ಬಿಡುಗಡೆಯಿಲ್ಲ. ಯುದ್ಧ ಮುಗಿಯಿತು, ಪೆಟ್ರೋಲು ಬಂತು, ಡ್ರಮ್ಮು ಕಿತ್ತು ಹಾಕಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಕುಯ್ಲಿನಲ್ಲೂ ನಾನು ಮಾತ್ರ ಅದೇ ಬದುವಿನ ಮೇಲೆ ಕುಳಿತಿದ್ದೆ. ಭತ್ತದ ವರ್ಷ ಅವಳು ಮೊರದಲ್ಲಿ ಆ ಸಾಲಿನ ಹಸಿ ಅವಲಕ್ಕಿ ತಂದಿಟ್ಟು, "ತಿನ್ಲಾ, ಲಾರಿ ದಾರಿದು" ಎನ್ನುತ್ತಿದ್ದಳು. ಪ್ರತಿ ವರ್ಷವೂ ಆ ಸಾಲನ್ನು ಲಾರಿಯ ದಾರಿ ಎಂದೇ ಕರೆದಳು. ಅವಳು ತೀರಿಕೊಂಡ ವರ್ಷ ಕುಯ್ಲಿನ ದಿನ ಅಭ್ಯಾಸದಂತೆ ಲಾರಿ ಅಲ್ಲಿಗೇ ತಿರುಗಿತು. ಗದ್ದೆ ಬೇರೆಯವರ ಕೈಗೆ ಹೋಗಿತ್ತು. ಯಾಕೆ ಬಂದೆ ಎಂದು ಅವರು ಕೇಳಿದಾಗ ಅವರ ಭತ್ತವನ್ನೂ ಹೇರಿಕೊಂಡು ಹೋದೆ.

ಹಳೇ ವಾಹನ ಕಟ್ಟಿಸುವ ಹುಚ್ಚು ಈಗಲೂ ಕೆಲವರಿಗೆ ಇದೆಯಂತೆ. ಅಂಥವರಿಗೆ ನನ್ನ ಮಾತು ಇಷ್ಟು. ಕೊಳ್ಳುವಾಗ ಎಂಜಿನ್ನು ಹೊಗಳಬೇಡಿ, ಕೋಳಿಗೂಡು ನೋಡಿ. ಅಚ್ಚು, ಚಕ್ರ ಕೈಗೆ ಬರುವ ತನಕ ಇದ್ದ ಎತ್ತು ಮಾರಬೇಡಿ. ಚೌಕಟ್ಟು ಕತ್ತರಿಸುವ ಮೊದಲೇ ಪಾಸು ಮಾಡುವವರನ್ನು ಕಂಡು, ಯಾವ ಏರು ಹತ್ತಿಸಬೇಕೆಂದು ಕೇಳಿಕೊಳ್ಳಿ. ಕಟ್ಟುವ ಜಾಗದಿಂದ ರಸ್ತೆಯವರೆಗೆ ಒಮ್ಮೆ ನಡೆದು ನೋಡಿ, ಈ ನೆಲದಲ್ಲಿ ಮುಂದಿನ ವರ್ಷ ಏನು ಬೆಳೆಯುತ್ತಾರೆ ಎಂದು ನೆಲದವರನ್ನೇ ವಿಚಾರಿಸಿ. ಅವರ ಹತ್ತಿರ ಹೋಗುವಾಗ ಬೆಲೆ ಹಿಡಿದುಕೊಂಡು ಹೋಗಬೇಡಿ. ನಾಟಿಯ ಕಾಲವಾಗಿದ್ದರೆ ಪಂಚೆ ಎತ್ತಿಕಟ್ಟಿಕೊಂಡು ಗದ್ದೆಗೆ ಇಳಿಯಿರಿ.